ಬಿಜಾಪುರದ ಜಾಮಿಯಾ ಮಸೀದಿ: ನೋಡುವುದು ಮತ್ತು ಓದುವುದು

(ಅಧ್ಯಯನ ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಬಿಜಾಪುರಕ್ಕೆ ಹೊರಟಿದ್ದೀರಿ ಎಂದು ಕೇಳಿ ಸಂತೋಷವಾಯಿತು. 2014ರಿಂದ ಅದರ ಅಧಿಕೃತ ಹೆಸರು ವಿಜಯಪುರ. ಅಲ್ಲಿಗೆ ಹೋದವರೆಲ್ಲ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಕೇಳಿ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ನೀವೂ ಚಪ್ಪಾಳೆ ತಟ್ಟಿ, ಬೇಡವೆನ್ನುವುದಿಲ್ಲ. ಆದರೆ ಅದಾದ ಮೇಲೆ ಅರ್ಧ ದಿನವನ್ನು ಜಾಮಿಯಾ ಮಸೀದಿಗೆ ಮತ್ತು ಅದರ ಸುತ್ತಲಿನ ಹಳೆಯ ಪೇಟೆಗೆ ಮೀಸಲಿಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಗೋಲಗುಮ್ಮಟದಿಂದ ನೈಋತ್ಯಕ್ಕೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಈ ಮಸೀದಿ ಇದೆ. 1565ರ ರಕ್ಕಸತಂಗಡಿ ಯುದ್ಧದ ನಂತರದ ವರ್ಷಗಳಲ್ಲಿ ಒಂದನೆಯ ಅಲಿ ಆದಿಲ್ ಶಾಹನು ಇದನ್ನು ಕಟ್ಟಿಸಲು ಆರಂಭಿಸಿದನು. ಒಟ್ಟು ಸುಮಾರು 10,800 ಚದರ ಮೀಟರ್ ವಿಸ್ತಾರದ ಈ ಮಸೀದಿ ದಖ್ಖನಿನ ಅತಿ ದೊಡ್ಡ ಮಸೀದಿಗಳಲ್ಲಿ ಒಂದು. ಅಂಗಳದ ನಡುವೆ ಹೌದು ಇದೆ. ಪಶ್ಚಿಮದಲ್ಲಿ ಒಂಬತ್ತು ಕಮಾನುಗಳ ಮುಂಭಾಗವುಳ್ಳ ನಮಾಝಿನ ಹಜಾರವಿದೆ.

ಹಜಾರದೊಳಗೆ ಹೋದಾಗ ಒಂದು ಸಣ್ಣ ಲೆಕ್ಕ ಮಾಡಿ. ಅಗಲಕ್ಕೆ ಒಂಬತ್ತು, ಆಳಕ್ಕೆ ಐದು, ಹೀಗೆ 45 ಅಂಕಣಗಳು. ಅವುಗಳಲ್ಲಿ ನಡುವಿನ ಒಂಬತ್ತು ಅಂಕಣಗಳ ಜಾಗವನ್ನು ಒಂದೇ ದೊಡ್ಡ ಗುಮ್ಮಟ ಆವರಿಸಿದೆ. ಅಂದರೆ ಮಧ್ಯದಲ್ಲಿ ಬರಬೇಕಿದ್ದ ನಾಲ್ಕು ಕಂಬಗಳನ್ನು ಕೈಬಿಡಲಾಗಿದೆ. ಕಂಬವಿಲ್ಲದೆ ಅಷ್ಟು ಭಾರ ನಿಂತದ್ದು ಹೇಗೆ? ತಲೆಯೆತ್ತಿ ನೋಡಿ. ಒಂದನ್ನೊಂದು ಹಾದುಹೋಗುವ ಕಮಾನುಗಳು ಎಂಟು ಮೂಲೆಯ ನಕ್ಷತ್ರದಂತೆ ಹೆಣೆದುಕೊಂಡು, ಚೌಕವನ್ನು ಮೆಲ್ಲನೆ ವೃತ್ತವಾಗಿಸುತ್ತವೆ. ಭಾರವು ಆ ಕಮಾನುಗಳ ಮೂಲಕ ಸುತ್ತಲಿನ ಕಂಬಗಳಿಗೆ ಇಳಿಯುತ್ತದೆ. ಇದೇ ವಿದ್ಯೆ ಮುಂದೆ ಗೋಲಗುಮ್ಮಟದಲ್ಲಿ ಪರಿಪೂರ್ಣತೆ ಪಡೆಯಿತು. ಅಲ್ಲಿ ಒಳವ್ಯಾಸವೇ ಸುಮಾರು 38 ಮೀಟರ್! ಗೋಲಗುಮ್ಮಟವು ಹಠಾತ್ತನೆ ಹುಟ್ಟಿದ ಅದ್ಭುತವಲ್ಲ. ಹಲವು ದಶಕಗಳ ಅಭ್ಯಾಸದ ಫಲ. ಪರೀಕ್ಷೆಗೆ ಹಿಂದಿನ ರಾತ್ರಿ ಮಾತ್ರ ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ. ಇಷ್ಟು ದೊಡ್ಡ ಮಸೀದಿ ಪೂರ್ಣಗೊಳ್ಳಲೇ ಇಲ್ಲ. ಪೂರ್ವದ ಎರಡು ಮೂಲೆಗಳಲ್ಲಿ ಏಳಬೇಕಿದ್ದ ಮಿನಾರುಗಳು ಏಳಲಿಲ್ಲ. ಆರಂಭಿಸಿದವನು 1580ರಲ್ಲಿ ತೀರಿಹೋದನು. ಮಿಹ್ರಾಬಿನ ಚಿನ್ನದ ಬಣ್ಣದ ಅಲಂಕಾರವನ್ನು ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ಹಿಜರಿ 1045ರಲ್ಲಿ, ಅಂದರೆ 1636ರ ಸುಮಾರಿಗೆ ಮಾಡಿಸಲಾಯಿತು. 1686ರಲ್ಲಿ ನಗರವನ್ನು ಗೆದ್ದ ಔರಂಗಝೇಬನು ಪೂರ್ವದ ದ್ವಾರವನ್ನು ಸೇರಿಸಿದನು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮುಸಲ್ಲಾದಂತೆ ಗುರುತಿಸಿದ 2,250 ಚೌಕಗಳೂ ಅವನ ಕಾಲದವೆಂದು ಹೇಳುತ್ತಾರೆ. ಒಬ್ಬರು ಬಿಟ್ಟಲ್ಲಿಂದ ಮತ್ತೊಬ್ಬರು ಮುಂದುವರಿಸಿದರು. ಗೆದ್ದವನೂ ಸೋತವನ ಮಸೀದಿಗೆ ತನ್ನ ಪಾಲು ಸೇರಿಸಿದನು.

ಮಿಹ್ರಾಬಿನ ಮುಂದೆ ಹತ್ತು ನಿಮಿಷ ನಿಲ್ಲಿ. ಚಿನ್ನದ ಬಣ್ಣದ ನಡುವೆ ಸುಂದರವಾದ ಪಾರ್ಸಿ ಬರಹಗಳಿವೆ. ಈ ಲೋಕದ ಬಾಳು ಕ್ಷಣಿಕ, ಅದನ್ನು ನಂಬಿ ಕೂರಬೇಡ ಎಂಬುದು ಅವುಗಳ ಸಾರ. ರಾಜ್ಯವು ಉಚ್ಛ್ರಾಯದಲ್ಲಿದ್ದಾಗ ಬರೆಸಿದ ಮಾತು ಇದು; ಅದಾದ ಐವತ್ತೇ ವರ್ಷಗಳಲ್ಲಿ ರಾಜ್ಯ ಇಲ್ಲವಾಯಿತು. ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಈ ಬರಹವನ್ನು ನಮ್ಮಲ್ಲಿ ಎಷ್ಟು ಮಂದಿ ಓದಬಲ್ಲರು? ಅಕ್ಷರಗಳ ಅಂದವನ್ನು ಹೊಗಳುತ್ತೇವೆ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತೇವೆ, ಅರ್ಥ ಕೇಳಿದರೆ ಪಕ್ಕದವರ ಮುಖ ನೋಡುತ್ತೇವೆ. ಪೂರ್ವಜರ ಬಗ್ಗೆ ಅಭಿಮಾನದ ಮಾತಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರು ಬರೆದಿಟ್ಟುದನ್ನು ಓದುವವರ ಕೊರತೆ ಮಾತ್ರ ದೊಡ್ಡದು.

ಮಸೀದಿಯಿಂದ ಹೊರಬಂದು ಕೋಟೆಯ ಕಡೆಗೆ ನಡೆದರೆ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಆದರೂ ಅದು ಒಂದು ಸಣ್ಣ ಮಸೀದಿಯ ಹೆಬ್ಬಾಗಿಲು. ಅದರ ಬಾಲ್ಕನಿಯ ಕೆಳಗಿನ ಕಲ್ಲಿನ ಆಸರೆಗಳನ್ನು ನೋಡಿ. ಮರವನ್ನು ಕೊರೆದಂತೆ ಕಲ್ಲನ್ನು ಕೊರೆದಿದ್ದಾರೆ. ಮುಂದೆ ಒಳಕೋಟೆಯ ಅಂಚಿನಲ್ಲಿ, ಮರದ ಎತ್ತರದ ಕಂಬಗಳ ಆಸಾರ್ ಮಹಲ್ ಇದೆ. 1646ರ ಸುಮಾರಿಗೆ ನ್ಯಾಯಸ್ಥಾನವಾಗಿ ಕಟ್ಟಿದ ಈ ಕಟ್ಟಡದಲ್ಲಿ ಪ್ರವಾದಿವರ್ಯರ (ಸ) ಪವಿತ್ರ ಕೇಶವಿದೆ ಎಂಬ ನಂಬಿಕೆಯಿಂದ ಜನ ಬರುತ್ತಾರೆ. ವಿದ್ಯಾರ್ಥಿಗಳಾದ ನೀವು ತಿಳಿಯಬೇಕಾದ ಇನ್ನೊಂದು ಕಥೆ ಈ ಕಟ್ಟಡಕ್ಕಿದೆ. ಆದಿಲ್ ಶಾಹಿ ಅರಸರ ಗ್ರಂಥಾಲಯದಲ್ಲಿ ಅಳಿದುಳಿದ ಅರಬಿ, ಪಾರ್ಸಿ ಹಸ್ತಪ್ರತಿಗಳು ಇಲ್ಲಿಯೇ ಇದ್ದವು. 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಅವುಗಳನ್ನು ಲಂಡನ್ನಿಗೆ ಸಾಗಿಸಿತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಟ್ಟಡ ನಮ್ಮಲ್ಲಿ ಉಳಿಯಿತು, ಪುಸ್ತಕ ಹೋಯಿತು. ಕೊಂಡೊಯ್ದವರನ್ನು ದೂರುವುದು ಸುಲಭ. ಆದರೆ ಅವರು ಅವುಗಳ ಪಟ್ಟಿ ಮಾಡಿ ಅಚ್ಚು ಹಾಕಿಸಿದರು ಎಂಬುದೂ ನಿಜ. ನಮ್ಮ ಊರಿನ ಮಸೀದಿ, ದರ್ಗಾಗಳ ಕಪಾಟುಗಳಲ್ಲಿ ಗೆದ್ದಲು ತಿನ್ನುತ್ತಿರುವ ಹಳೆಯ ಕಿತಾಬುಗಳ ಪಟ್ಟಿಯನ್ನು ನಾವು ಮಾಡಿದ್ದೇವೆಯೇ?

ಒಳಕೋಟೆಯಲ್ಲಿ ಕರೀಮುದ್ದೀನನ ಮಸೀದಿ ಎಂಬ ಇನ್ನೂ ಹಳೆಯ ಕಟ್ಟಡವಿದೆ. 1320ರದು. ಹಿಂದಿನ ದೇವಾಲಯಗಳ ಕಂಬಗಳನ್ನು ಬಳಸಿ ಕಟ್ಟಿದ್ದು ಎಂಬುದನ್ನು ಅದರ ಕಲ್ಲುಗಳೇ ಹೇಳುತ್ತವೆ. ಚರಿತ್ರೆಯನ್ನು ಓದುವವನು ತನಗೆ ಹಿತವಾದದ್ದನ್ನು ಮಾತ್ರ ಓದಬಾರದು, ಆದ್ದರಿಂದ ಇದನ್ನೂ ನೋಡಿ. ಅಲ್ಲಿನ ಶಾಸನದಲ್ಲಿ ಕಟ್ಟಿದ ಕುಶಲಕರ್ಮಿಯ ಹೆಸರೂ ಇದೆ: ಸಾಲೋಟಗಿಯ ಸುತಾರ ರೇವೋಯ. ಸಾಲೋಟಗಿ ಈಗಿನ ಇಂಡಿ ತಾಲೂಕಿನ ಊರು. 945ರ ಶಾಸನವೊಂದು ಹೇಳುವಂತೆ, ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿಯಿದ್ದ ದೊಡ್ಡ ವಿದ್ಯಾಶಾಲೆ ಅಲ್ಲಿತ್ತು. ಮುಂದೆ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನು ನಿಮ್ಮಲ್ಲಿ ಹಲವರ ಮನೆಮಾತಾದ ದಖ್ಖನಿಯಲ್ಲಿ 'ಕಿತಾಬೆ ನವರಸ್' ಬರೆದನು. ಅದರಲ್ಲಿ ಪ್ರವಾದಿವರ್ಯರನ್ನೂ (ಸ), ಗುಲ್ಬರ್ಗದ ಬಂದೇ ನವಾಝರನ್ನೂ, ಸರಸ್ವತಿಯನ್ನೂ ಸ್ಮರಿಸಿದನು. ಈ ನಗರದ ಕಥೆಯನ್ನು ಒಂದೇ ಭಾಷೆಯಲ್ಲಿ, ಒಂದೇ ಸಮುದಾಯದ ಕಥೆಯಾಗಿ ಓದಿದರೆ ಅರ್ಧವೂ ತಿಳಿಯದು.

ನೀರಿನ ವಿಷಯವನ್ನು ಮರೆಯಬೇಡಿ. ಮಳೆ ಕಡಿಮೆಯ ಈ ನಾಡಿನಲ್ಲಿ ಅಷ್ಟು ದೊಡ್ಡ ರಾಜಧಾನಿ ಬಾಳಿದ್ದು ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೆಲದಡಿಯ ಕಾಲುವೆ, ಕೊಳವೆಗಳಲ್ಲಿ ತಂದ ನೀರಿನಿಂದ. ಆ ನೀರಿನ ಒತ್ತಡವನ್ನು ಹದಗೊಳಿಸಲು ಕಟ್ಟಿದ 'ಗಂಜ್' ಎಂಬ ಗೋಪುರಗಳು ಅಲ್ಲಲ್ಲಿ ಈಗಲೂ ನಿಂತಿವೆ. ತಾಜ್ ಬಾವಡಿ, ಚಾಂದ್ ಬಾವಡಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆಯಿತು. ಕಸ ಬಿದ್ದ ಬಾವಿಯಿಂದ ಕಸ ತೆಗೆಯುವುದು ಸರಕಾರದ ಕೆಲಸವಿರಬಹುದು. ಕಸ ಹಾಕದಿರುವುದು ನಮ್ಮ ಕೆಲಸ.

ಪೇಟೆಯ ಜನರೊಂದಿಗೂ ಮಾತನಾಡಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅಲ್ಲಿಂದಾಚೆಗೆ ಇನ್ನೂ 200 ಮೀಟರ್ ವರೆಗೆ ಅನುಮತಿ ಬೇಕು ಎಂದು ಕಾನೂನಿದೆ. ಸ್ಮಾರಕ ಉಳಿಯಲು ಅದು ಅಗತ್ಯ. ಆದರೆ ಮಗನಿಗೆ ಮದುವೆಯಾದಾಗ ಮನೆಯ ಮೇಲೆ ಒಂದು ಕೋಣೆ ಕಟ್ಟಲಾಗದ ಕುಟುಂಬದ ಕಷ್ಟವೂ ನಿಜ. ನಾವು ಒಂದು ದಿನ ನೋಡಿ ಸಂತೋಷಪಡುವ ಪರಂಪರೆಯ ಭಾರವನ್ನು ಪ್ರತಿದಿನ ಹೊರುವವರು ಅವರು. ಅವರ ಮನೆ ಬಾಗಿಲ ಮುಂದೆ ಗದ್ದಲ ಮಾಡಬೇಡಿ, ಸಲಾಂ ಹೇಳಿ, ಅವರಿಂದ ಕೇಳಿ ತಿಳಿಯಿರಿ.

ಕೊನೆಯದಾಗಿ ಕೆಲವು ಕೋರಿಕೆಗಳು. ಮಸೀದಿಯಲ್ಲಿ ಇಂದಿಗೂ ನಮಾಝ್ ನಡೆಯುತ್ತದೆ. ಅದು ಬರಿಯ ವಸ್ತುಸಂಗ್ರಹಾಲಯವಲ್ಲ, ಅದಬಿನಿಂದ ಪ್ರವೇಶಿಸಿ. ಗೋಡೆಯ ಮೇಲೆ ನಿಮ್ಮ ಹೆಸರು ಕೊರೆಯಬೇಡಿ. ಅದು ಶಿಕ್ಷಾರ್ಹ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕಲ್ಲು ಹೊತ್ತ ಸಾವಿರಾರು ಕೂಲಿಕಾರರು ತಮ್ಮ ಹೆಸರು ಬರೆಯದೆ ಹೋದ ಗೋಡೆ ಅದು. ಪ್ರತಿಯೊಬ್ಬರೂ ಒಂದು ನೋಟ್ ಪುಸ್ತಕ ಒಯ್ಯಿರಿ. ಹಿಂದಿರುಗಿದ ಮೇಲೆ ನಿಮ್ಮೂರಿನ ಹಳೆಯ ಮಸೀದಿಯ ಕಥೆಯನ್ನು ಹಿರಿಯರಿಂದ ಕೇಳಿ ಬರೆಯಿರಿ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಕನ್ನಡ, ಇಂಗ್ಲಿಷಿನ ಜೊತೆಗೆ ಪಾರ್ಸಿಯನ್ನೋ ಹಳೆಗನ್ನಡವನ್ನೋ ಶಾಸನ ಓದುವಷ್ಟು ಕಲಿಯಿರಿ. ಡಾಕ್ಟರು, ಇಂಜಿನಿಯರುಗಳು ನಮಗೆ ಬೇಕು; ಇತಿಹಾಸಕಾರರೂ ಬೇಕು.

ಓದುವ ಆಜ್ಞೆಯಿಂದ ವಹೀ ಆರಂಭವಾದ ಪರಂಪರೆ ನಮ್ಮದು. ಆ ಮಿನಾರುಗಳನ್ನು ಇನ್ನು ಯಾರೂ ಕಟ್ಟಬೇಕಾಗಿಲ್ಲ. ಆ ಮಿಹ್ರಾಬಿನ ಬರಹವನ್ನು ಓದಿ, ಜೊತೆಗಿರುವ ಗೆಳೆಯನಿಗೆ ಅರ್ಥ ಹೇಳಬಲ್ಲ ಒಬ್ಬ ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿನಿ ಈ ಸಭೆಯಿಂದ ಹೊರಬಂದರೆ ನನ್ನ ಮಾತು ಸಾರ್ಥಕ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ.