ಬೆರಳು ನುಡಿದ ಕನ್ನಡ



ಆಟಿಸಂ ಇರುವ ನನ್ನ ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ಬಾಯಿಂದ ಮಾತು ಹೊರಡದು. ಅವನು ನಾಲ್ಕರ ಹರೆಯದಲ್ಲಿದ್ದಾಗ ತಜ್ಞರೊಬ್ಬರು, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನಷ್ಟೇ ಆಡಿರೆಂದರು. ಒಪ್ಪಿದೆವು. ಇಂಗ್ಲಿಷ್ ಬಾರದ ನನ್ನ ಪತ್ನಿ ಅಂದಿನಿಂದ ಮೊಮ್ಮಗನೆದುರು ಮೌನಿಯಾದಳು. ಮನೆಯಲ್ಲಿ ಮಾತಿಲ್ಲದವರು ಇಬ್ಬರಾದರು.

ಚಿತ್ರವನ್ನು ಕೊಟ್ಟು ಬೇಕಾದುದನ್ನು ಕೇಳಿ ಪಡೆಯುವ ಪದ್ಧತಿಯನ್ನು 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದರು. ಇಂದು ಟ್ಯಾಬ್ಲೆಟ್ಟಿನ ಚಿತ್ರವನ್ನು ಮಗು ಮುಟ್ಟಿದರೆ ಯಂತ್ರವೇ ಆ ಪದವನ್ನು ನುಡಿಯುತ್ತದೆ. ಅಜಿತ್ ನಾರಾಯಣನ್ ಅವರ 'ಆವಾಜ್' ಹುಟ್ಟಿದ್ದು ಈ ಚೆನ್ನೈಯಲ್ಲಿಯೇ. ಮುಂಬಯಿಯ ಐಐಟಿ 'ಜೆಲ್ಲೋ'ವನ್ನು ಕೊಟ್ಟಿತು.

ಯಂತ್ರ ಕೊಟ್ಟರೆ ಮಗು ಮಾತು ಕಲಿಯದೆಂಬ ಭಯ ಬೇಡ. ಇಂಥ ಸಾಧನಗಳು ಮಾತಿಗೆ ಅಡ್ಡಿಯಲ್ಲವೆಂದೂ, ಎರಡು ಭಾಷೆಗಳ ಮನೆ ಇಂಥ ಮಕ್ಕಳಿಗೆ ಕೇಡಲ್ಲವೆಂದೂ ಸಂಶೋಧನೆಗಳು ತೋರಿಸಿವೆ. ಇದನ್ನು ನಾವು ತಡವಾಗಿ ತಿಳಿದೆವು.

ಅಜ್ಜಿಯ ದನಿಯಲ್ಲಿಯೇ ಕನ್ನಡ ಪದಗಳನ್ನು ಮುದ್ರಿಸಿ ಯಂತ್ರಕ್ಕೆ ತುಂಬಿದೆವು. ಅವನೊಡನೆ ಆಡುವಾಗಲೆಲ್ಲ ನಾವೂ ಚಿತ್ರ ಮುಟ್ಟಿಯೇ ಆಡಿದೆವು. ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಅವನು ತಟ್ಟೆ ಸರಿಸಿ, ಎರಡು ಚಿತ್ರಗಳನ್ನು ಮುಟ್ಟಿದ: "ಹುಳಿ ಬೇಡ." ತನ್ನ ಅಡುಗೆ ಬೇಡವೆಂದುದಕ್ಕೆ ಆನಂದದಿಂದ ಅತ್ತ ಅಜ್ಜಿಯನ್ನು ಅಂದು ಕಂಡೆ.

ಹೊರನಾಡಿನಲ್ಲಿ ಕನ್ನಡ ಉಳಿಯಲೆಂದು ಪ್ರತಿ ನವೆಂಬರಿನಲ್ಲಿ ನುಡಿಯುತ್ತೇವೆ. ಬಾಯಿಂದ ನುಡಿಯಲಾರದ ಮಗುವೂ ಆ ಕನ್ನಡಕ್ಕೆ ಹಕ್ಕುದಾರ. ಇಂಥ ಮನೆಗಳಿಗೆ ಒಂದು ಟ್ಯಾಬ್ಲೆಟ್ಟನ್ನೂ, ಮನೆಮಾತಿನ ನೂರು ಪದಗಳ ಧ್ವನಿಮುದ್ರಣವನ್ನೂ ಸಂಘವು ಒದಗಿಸಲಿ. ಪದಗಳನ್ನು ಓದಿಕೊಡಲು ನನ್ನ ಪತ್ನಿ ಸಿದ್ಧಳಿದ್ದಾಳೆ.