ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ



ಮಾಂಸ ಕೊಳ್ಳುವಾಗ ಝಬಹ್ ಕುರಿತು ವಿಚಾರಿಸುವ ನಾವು, ತರಕಾರಿಗೆ ಸಿಂಪಡಿಸಿದ ವಿಷದ ಕುರಿತು ಕೇಳುವುದಿಲ್ಲ. ಆಹಾರವು ಹಲಾಲ್ ಆಗಿರುವುದರೊಂದಿಗೆ ತಯ್ಯಿಬ್, ಅಂದರೆ ಶುದ್ಧವೂ ಆಗಿರಬೇಕೆಂಬುದು ಕುರ್‌ಆನಿನ ಆದೇಶ.

ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿದವು. ಜೊತೆಗೆ ಕೀಟನಾಶಕವೂ ಹಬ್ಬಿತು. ನರಮಂಡಲವನ್ನು ಕೆಡಿಸುವ ಮಾನೋಕ್ರೋಟೋಫಾಸನ್ನು ತರಕಾರಿಗೆ ಬಳಸದಂತೆ ಕೇಂದ್ರ ಸರಕಾರವು 2005ರಲ್ಲೇ ನಿಷೇಧಿಸಿತು. ನಿಷೇಧ ಕಾಗದದಲ್ಲಿ ಉಳಿದರೆ ಅಪಾಯ ಹೆಚ್ಚಿರುವುದು ಬೆಳೆಯುವ ಮಕ್ಕಳಿಗೆ.

ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನ ವಿಷ ಕಡಿಮೆಯಾಗುತ್ತದೆ, ಒಳಗಿಳಿದದ್ದು ಹೋಗದು. ಆದುದರಿಂದ ಹೊಣೆ ಹೊಲದಿಂದಲೇ ಆರಂಭವಾಗಬೇಕು. ಔಷಧದ ಡಬ್ಬಿ ಸೂಚಿಸಿದಷ್ಟು ದಿನ ಕಾಯದೆ ಕೊಯ್ದು ಯಾದಗಿರಿಯ ಮಾರುಕಟ್ಟೆಗೆ ತರುವುದು, ತೂಕದಲ್ಲಿ ಮೋಸ ಮಾಡಿದಷ್ಟೇ ದೊಡ್ಡ ಅಪರಾಧ. ಬೆಳೆಯುವವರೂ ಮಾರುವವರೂ ನಮ್ಮಲ್ಲಿದ್ದಾರೆ. ಈ ಅಮಾನತ್ತನ್ನು ಕಾಪಾಡಲು ಅಲ್ಲಾಹನು ನಮಗೆ ಶಕ್ತಿ ನೀಡಲಿ.