ಮುಲಾಕಾತಿಗೆ ಬಾರದ ಅಮ್ಮ

ಕಣಕುಂಬಿ ಅಂದ ತಕ್ಷಣ ನಿಮಗೆ ಮಲಪ್ರಭೆ, ಕಳಸಾ ನಾಲೆ ನೆನಪಾಗುತ್ತೆ. ನಾವು ಕ್ಯಾಮೆರಾ ಹೊತ್ತು ಅಲ್ಲಿಗೆ ಓಡೋದೂ ಅದಕ್ಕೇ. ಇವತ್ತು ನೀರಿನ ಮಾತು ಬೇಡ.

ಆ ಕಾಡಂಚಿನ ಊರಿನ ಒಬ್ಬ ತಾಯಿ. ಅವಳ ಮಗ ಯಾವುದೋ ಕೇಸಲ್ಲಿ ಸಿಕ್ಕಿ ಬೆಳಗಾವಿಯ ಹಿಂಡಲಗಾ ಜೈಲು ಸೇರಿದ್ದಾನೆ ಅಂದುಕೊಳ್ಳಿ. ಮುಲಾಕಾತಿಗೆ ಬರಬೇಕಂದ್ರೆ ಜಾಂಬೋಟಿ ದಾಟಿ ಬೆಳಗಾವಿಗೊಂದು ಬಸ್ಸು, ಅಲ್ಲಿಂದ ಹಿಂಡಲಗಾಕ್ಕೆ ಇನ್ನೊಂದು. ಆ ದಿನದ ಕೂಲಿ ಹೋಯ್ತು. ಮಳೆ ಹಿಡಿದರೆ ಬಸ್ಸನ್ನೂ ನೆಚ್ಚಿಕೊಳ್ಳೋ ಹಾಗಿಲ್ಲ. ಮೊದಲ ತಿಂಗಳು ಬರ್ತಾಳೆ, ಎರಡನೇ ತಿಂಗಳೂ ಬರ್ತಾಳೆ. ಆಮೇಲೆ? ಒಳಗಿರೋನಿಗೆ ಮಳೆ ಕಾಣಲ್ಲ, ಬಸ್ಸು ಕಾಣಲ್ಲ. ಅಮ್ಮ ಕೈಬಿಟ್ಟಳು ಅನ್ನೋದಷ್ಟೇ ತಲೇಲಿ ಉಳಿಯುತ್ತೆ.

1923ರ ಜೈಲು ಅದು. ಸುದ್ದಿಯಾಗೋದು ಗಲ್ಲುಗಂಬದಿಂದ, ಇಲ್ಲವೇ ಒಳಗೆ ಸಿಕ್ಕ ಮೊಬೈಲಿನಿಂದ. ಈ ತಪ್ಪಿನಲ್ಲಿ ಚಾನೆಲ್‌ನವರದ್ದೂ ಪಾಲಿದೆ, ಒಪ್ತೀನಿ. ಆದರೆ 2022ರ ಒಂದೇ ವರ್ಷದಲ್ಲಿ ದೇಶದ ಜೈಲುಗಳಲ್ಲಿ 119 ಜನ ಆತ್ಮಹತ್ಯೆ ಮಾಡಿಕೊಂಡರು. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಇನ್ನೊಂದು ಲೆಕ್ಕ ಕೇಳಿ. ಜೈಲಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ತಪ್ಪು ಸಾಬೀತೇ ಆಗಿಲ್ಲ ಸ್ವಾಮಿ!

"ಜೈಲಲ್ಲಿರೋರಿಗೆ ಕೌನ್ಸೆಲಿಂಗ್ ಬೇರೆ ಕೇಡು" ಅಂತೀರಾ? ಸುಪ್ರೀಂ ಕೋರ್ಟ್ ಹಾಗನ್ನಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರಿದ್ದ ಪೀಠ, ಮೊದಲ ಸಲ ಒಳಗೆ ಬಂದವರಿಗೆ ಆಪ್ತಸಮಾಲೋಚಕರನ್ನು ಕೊಡಿ, ಮನೆಯವರ ಭೇಟಿಗೆ ಅನುಕೂಲ ಮಾಡಿ, ಫೋನು, ವಿಡಿಯೊ ಮಾತುಕತೆಯ ದಾರಿ ನೋಡಿ ಎಂದಿತು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಮಾನಸಿಕ ಕಾಯಿಲೆ ಇರೋ ಬಂದಿ ನಮ್ಮಲ್ಲಿ ಇಲ್ಲ ಅಂತ ಜೈಲಿನ ವೈದ್ಯಾಧಿಕಾರಿ 3 ತಿಂಗಳಿಗೊಮ್ಮೆ ಮಂಡಳಿಗೆ ಬರೆದುಕೊಡಬೇಕು. ಇಲ್ಲ ಅಂತ ಬರೆಯೋದು ಸುಲಭ ಅಲ್ವಾ? ಸಹಿ ಹಾಕೋ ಮುಂಚೆ ಬ್ಯಾರಕ್ ಬ್ಯಾರಕ್ ಸುತ್ತಿ ಮಾತಾಡಿಸಿದೋರು ಯಾರು? ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಜೈಲಲ್ಲಿ 5 ಸಾವಿರ ಬಂದಿಗಳನ್ನು ಕೂರಿಸಿ ಕೇಳಿದಾಗ, ಕುಡಿತ, ಗಾಂಜಾದಂಥ ಚಟದ ಲೆಕ್ಕ ಬಿಟ್ಟರೂ ನಾಲ್ಕರಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಇತ್ತು.

ಬೇಲ್ ತಿರಸ್ಕೃತವಾದ ಸಂಜೆ ಯಾರು ಊಟ ಮುಟ್ಟಲಿಲ್ಲ, ಯಾರು ಗೋಡೆ ಕಡೆ ತಿರುಗಿ ಮಲಗಿದ, ವಾರ್ಡರ್‌ಗೆ ಕಾಣುತ್ತೆ, ಪಕ್ಕದಲ್ಲಿ ಮಲಗೋನಿಗಂತೂ ಇನ್ನೂ ಮೊದಲು ಕಾಣುತ್ತೆ. "ಏನಪ್ಪಾ ತಮ್ಮಾ, ಯಾಕ್ ಹಿಂಗದಿ?" ಅಂತ ಕೇಳೋಕೆ ಡಿಗ್ರಿ ಬೇಡ. ಕೇಳಿದ ಮೇಲೆ ಡಾಕ್ಟರ್ ಹತ್ತಿರ ಕರೆದೊಯ್ಯೋಕೆ ಡಾಕ್ಟರ್ ಇರಬೇಕು, ಅಷ್ಟೇ.

ಆ ಅಮ್ಮನಿಗೂ ನಿದ್ದೆ ಇಲ್ಲ. ಮನೇಲಿರೋರು ಬರ್ಕೊಳ್ಳಿ: ಟೆಲಿ ಮನಸ್, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.